ಫಿಲ್ಮಿನ ಪ್ರತಿಯೂ ಬಿಂದುಗಳ ಲೆಕ್ಕವೂ

ಓಲೆಗರಿಯ ಗ್ರಂಥಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿ ಕಾಪಾಡುವ ಕಾರ್ಯವು ಕಳೆದ ಶತಮಾನದಲ್ಲಿ ನಮ್ಮ ದೇಶದ ಹಲವು ಭಂಡಾರಗಳಲ್ಲಿ ನಡೆಯಿತು. ಆ ಫಿಲ್ಮುಗಳನ್ನು ಸ್ಕ್ಯಾನ್ ಮಾಡುವಾಗ ಅಂಗುಲಕ್ಕೆ ಎಷ್ಟು ಬಿಂದುಗಳನ್ನು ಹಿಡಿಯಬೇಕೆಂಬುದು ಕೇವಲ ಯಂತ್ರಜ್ಞರ ಪ್ರಶ್ನೆಯಲ್ಲ. ಪಾಠನಿರ್ಣಯವು ಅದನ್ನು ಅವಲಂಬಿಸಿರುವುದರಿಂದ ಗ್ರಂಥಸಂಪಾದಕರೂ ಅದನ್ನು ವಿಚಾರಿಸಬೇಕಾಗಿದೆ.

ಈ ವಿಷಯದಲ್ಲಿ ಎರಡು ಮತಗಳುಂಟು. ಕಾಗದಕ್ಕೆ 300 ಬಿಂದುಗಳು ಸಾಕಾಗುವುದರಿಂದ ಫಿಲ್ಮಿಗೂ ಸಾಕೆಂಬುದು ಮೊದಲನೆಯದು. ಇದು ಅಳತೆಯನ್ನು ಮರೆತ ಮಾತು. 36 ಸೆಂಟಿಮೀಟರು ಉದ್ದದ ಗರಿಯೊಂದು 36 ಮಿಲಿಮೀಟರು ಅಗಲದ ಚೌಕಟ್ಟಿನಲ್ಲಿ ಅಡಗಿದಾಗ ಹತ್ತರಲ್ಲೊಂದು ಪಾಲಿಗೆ ಕುಗ್ಗಿರುತ್ತದೆ. ಅದನ್ನು 300ರಲ್ಲಿ ಸ್ಕ್ಯಾನ್ ಮಾಡಿದರೆ ಮೂಲದ ಅಂಗುಲಕ್ಕೆ ದೊರೆಯುವುವು 30 ಬಿಂದುಗಳು ಮಾತ್ರ; 3 ಮಿಲಿಮೀಟರು ಎತ್ತರದ ಅಕ್ಷರಕ್ಕೆ ಮೂರೋ ನಾಲ್ಕೋ. ಅಷ್ಟರಲ್ಲಿ ಪಕಾರ ವಕಾರಗಳ ಭೇದವಾಗಲಿ, ದಕಾರ ಧಕಾರಗಳನ್ನು ಬೇರ್ಪಡಿಸುವ ಕಿರುಗೆರೆಯಾಗಲಿ ಉಳಿಯಲಾರದು. 4000ರಲ್ಲಿಯಾದರೋ ಅದೇ ಅಕ್ಷರಕ್ಕೆ ಸುಮಾರು 47 ಬಿಂದುಗಳು ಸಲ್ಲುತ್ತವೆ.

ಸಂಖ್ಯೆ ಹೆಚ್ಚಿದಷ್ಟೂ ಒಳ್ಳೆಯದೆಂಬುದು ಎರಡನೆಯ ಮತ. ಇದೂ ಪೂರ್ಣವಾಗಿ ಗ್ರಾಹ್ಯವಲ್ಲ. ಕಪ್ಪು ಬಿಳುಪಿನ ಒಂದು ಗೆರೆಜೋಡಿಯನ್ನು ಗುರುತಿಸಲು ಕಡಮೆಯೆಂದರೆ ಎರಡು ಬಿಂದುಗಳು ಬೇಕು. 4000 ಎಂದರೆ ಮಿಲಿಮೀಟರಿಗೆ ಸುಮಾರು 157 ಬಿಂದುಗಳು. ಅವು 79 ಜೋಡಿಗಳವರೆಗೆ ತೋರಿಸಬಲ್ಲವು. ಚಿತ್ರ ತೆಗೆದಂದು ಮಸೂರವೂ ಫಿಲ್ಮೂ ಕೂಡಿ ಅಷ್ಟನ್ನು ಹಿಡಿದಿರದಿದ್ದರೆ, 8000ಕ್ಕೆ ಏರಿಸಿದುದರಿಂದ ಬೆಳ್ಳಿಯ ಕಣಗಳು ಸ್ಫುಟವಾಗುತ್ತವೆಯೇ ಹೊರತು ಅಕ್ಷರಗಳಲ್ಲ. ಕಡತದ ಗಾತ್ರವು ಮಾತ್ರ ನಾಲ್ಮಡಿಯಾಗುತ್ತದೆ.

ಇದಕ್ಕಿಂತಲೂ ಎಚ್ಚರದಿಂದ ನೋಡಬೇಕಾದುದು ಇನ್ನೊಂದಿದೆ. ನಿಜವಾಗಿ ಕಂಡ ಬಿಂದುಗಳ ನಡುವೆ ಲೆಕ್ಕದಿಂದ ಊಹಿಸಿದ ಬಿಂದುಗಳನ್ನು ತುಂಬಿ ದೊಡ್ಡ ಸಂಖ್ಯೆಯನ್ನು ಸಾರುವ ಯಂತ್ರಗಳುಂಟು. ಗರಿ ಮುರಿದೆಡೆಯಲ್ಲಿ ಲಿಪಿಕಾರನು ಸ್ವಕಲ್ಪಿತ ಪದವನ್ನಿಟ್ಟು ಮೂಲವೆಂದು ನಂಬಿಸುವುದಕ್ಕೂ ಇದಕ್ಕೂ ಭೇದವಿಲ್ಲ. ಊಹಾಪಾಠವನ್ನು ಕಂಸದಲ್ಲಿಡುವ ಸಂಪಾದಕನು ಇದನ್ನು ಒಪ್ಪಲಾಗದು.

ಆದುದರಿಂದ ಕುಗ್ಗಿಸಿದ ಪ್ರಮಾಣವನ್ನೂ, ಓದಬೇಕಾದ ಅತ್ಯಂತ ಸೂಕ್ಷ್ಮವಾದ ಗೆರೆಯನ್ನೂ ಮೊದಲು ಅಳೆದು, ಯಂತ್ರದ ನಿಜವಾದ ಶಕ್ತಿಯನ್ನು ಗೆರೆಪಟದಿಂದ ಪರೀಕ್ಷಿಸಿ, ಅನಂತರ ಸಂಖ್ಯೆಯನ್ನು ನಿಶ್ಚಯಿಸುವುದು ಯುಕ್ತ. ಪ್ರಮಾಣವನ್ನೂ ಸಂಖ್ಯೆಯನ್ನೂ ಸೂಚಿಯಲ್ಲಿ ನಮೂದಿಸಬೇಕು. ಓಲೆ ನಶಿಸಿದ ಕಡೆ ಫಿಲ್ಮೇ ಮಾತೃಕೆ; ಅಸಿಟೇಟಿನ ಫಿಲ್ಮಾದರೋ ತಾನೇ ಹುಳಿವಾಸನೆ ಹಿಡಿದು ಕೆಡುವಂಥದು. ಅಂಥ ಕಡೆ ಇಂದು ಎತ್ತಿದ ಪ್ರತಿಯೇ ಕಡೆಯ ಪ್ರತಿಯಾಗಬಹುದು. ಅದರಲ್ಲಿ ಬಿಟ್ಟುಹೋದ ಅಕ್ಷರವನ್ನು ಮುಂದಿನ ಯಾವ ಪಾಂಡಿತ್ಯವೂ ಮರಳಿ ತರಲಾರದು.