ಪೇಟೆಯ ಬಯಲಿನಲ್ಲಿ ಗೆಲಿಲಿಯೋ

ವಿಜ್ಞಾನಿಗಳನ್ನು ಕುರಿತ ನಾಟಕಗಳಲ್ಲಿ ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟನ ‘ಗೆಲಿಲಿಯೋನ ಜೀವನ’ಕ್ಕೆ ವಿಶಿಷ್ಟ ಸ್ಥಾನವಿದೆ. ಇಂತಹ ಗಂಭೀರ ಕೃತಿಯನ್ನು ರಂಗಮಂದಿರದಿಂದ ಹೊರತಂದು ಬಯಲಿನಲ್ಲಿ ಆಡಬಹುದೇ ಎಂಬುದು ವಿಚಾರಾರ್ಹ ಪ್ರಶ್ನೆ. ವಿಜ್ಞಾನಕ್ಕೆ ಬಯಲು ಹೊಸದಲ್ಲ. 1987ರ ಅಕ್ಟೋಬರ್ 2ರಿಂದ ನವೆಂಬರ್ 7ರವರೆಗೆ ನಡೆದ ಭಾರತ ಜನ ವಿಜ್ಞಾನ ಜಾಥಾ ಹಾಡು, ಬೀದಿನಾಟಕಗಳೊಡನೆ ದೇಶವನ್ನು ಸಂಚರಿಸಿ, 1984ರಲ್ಲಿ ವಿಷಾನಿಲ ದುರಂತವನ್ನು ಕಂಡ ಭೋಪಾಲದಲ್ಲಿ ಮುಕ್ತಾಯಗೊಂಡಿತು. ವಿಜ್ಞಾನದ ಪ್ರಚಾರ ವಿಜ್ಞಾನಿಯ ಹೊಣೆಯ ಪ್ರಶ್ನೆಯ ಬಳಿಗೇ ಬಂದು ನಿಂತಿತು.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಈ ನಾಟಕಕ್ಕೆ ಒಪ್ಪುವ ಎಡೆಯನ್ನು ಅರಸುವುದಾದರೆ, ಶಿವಾಜಿನಗರದ ರಸಲ್ ಮಾರುಕಟ್ಟೆಯ ಮುಂದಣ ಬಯಲು ಮೊದಲು ನೆನಪಾಗುತ್ತದೆ. ನಾಟಕದ ಹತ್ತನೆಯ ದೃಶ್ಯ ನಡೆಯುವುದೂ ಪೇಟೆಯಲ್ಲಿಯೇ. ಅಲ್ಲಿ ಬೀದಿಗಾಯಕನೊಬ್ಬನು ಪತ್ನಿಯೊಡಗೂಡಿ ಹೊಸ ಖಗೋಳ ಸಿದ್ಧಾಂತವನ್ನು ಹಾಡಾಗಿಸುತ್ತಾನೆ. ಗೆಲಿಲಿಯೋ 1632ರಲ್ಲಿ ತನ್ನ ‘ಸಂವಾದ’ವನ್ನು ಪಂಡಿತರ ಲ್ಯಾಟಿನ್ ಬಿಟ್ಟು ಜನರ ಇಟಾಲಿಯನ್ ಭಾಷೆಯಲ್ಲಿಯೇ ಪ್ರಕಟಿಸಿದ್ದನು. ಆತನ ಕಥೆ ಪೇಟೆಗೆ ಬರುವುದು ಸಹಜವೇ ಸರಿ.

ಆದರೆ ಅದೇ ದೃಶ್ಯದಲ್ಲಿ ಗೆಲಿಲಿಯೋನ ಬೃಹತ್ ಬೊಂಬೆಯ ಮುಂದೆ ಮಗುವೊಂದು ಪುಟಗಳನ್ನು ಗೀಚಿಹಾಕಿದ ಬೈಬಲನ್ನು ಹೊತ್ತು ಸಾಗುತ್ತದೆ. ರಸಲ್ ಮಾರುಕಟ್ಟೆಯ ಸಮೀಪದಲ್ಲಿಯೇ ಸಂತ ಮೇರಿ ಬೆಸಿಲಿಕಾ ಇದೆ. ಅದರ ಸೆಪ್ಟೆಂಬರ್ ಉತ್ಸವಕ್ಕೆ ಅನ್ಯಮತೀಯರೂ ಭಕ್ತಿಯಿಂದ ಬರುತ್ತಾರೆ. ಅಲ್ಲಿ ಈ ಮೆರವಣಿಗೆಯೊಂದೇ ವಿಜೃಂಭಿಸಿದರೆ ನಾಟಕ ನೆರೆಯವರ ಶ್ರದ್ಧೆಯನ್ನು ಅಣಕಿಸಿದಂತಾಗುವುದು. ಮಾತಿನಿಂದಾಗುವ ಹಿಂಸೆಯೂ ಹಿಂಸೆಯೇ. ಬ್ರೆಕ್ಟನ ಉದ್ದೇಶ ಅದಲ್ಲ. ಬಡ ರೈತರಾದ ತನ್ನ ತಂದೆತಾಯಿಗಳಿಗೆ ನಂಬಿಕೆಯೊಂದೇ ಆಸರೆಯೆಂದು ವಾದಿಸುವ ತರುಣ ಸನ್ಯಾಸಿಗೆ ಆತ ಪೂರ್ಣ ಅವಕಾಶವಿತ್ತಿದ್ದಾನೆ. ಬಯಲಿನ ಅವಸರಕ್ಕೆ ನಿರ್ದೇಶಕನು ಆ ದೃಶ್ಯವನ್ನು ಕತ್ತರಿಸಿದರೆ ಎದುರುಪಕ್ಷದ ಸತ್ಯಾಂಶವೇ ಇಲ್ಲವಾಗುವುದು. 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರೇ ಗೆಲಿಲಿಯೋನ ವಿಷಯದಲ್ಲಿ ಆದ ತಪ್ಪನ್ನು ಅಂಗೀಕರಿಸಿದರು. ಇಂದು ಆ ಹಳೆಯ ವ್ಯಾಜ್ಯವನ್ನು ಕೆದಕುವುದರಿಂದ ಪ್ರಯೋಜನವಿಲ್ಲ.

ನಾಟಕದ ಸಾರವಿರುವುದು ಬೇರೆಡೆ. ಬ್ರೆಕ್ಟನ ಗೆಲಿಲಿಯೋ ಮಹಾಪುರುಷನಷ್ಟೇ ಅಲ್ಲ. ಹಾಲೆಂಡಿನಿಂದ ಬಂದ ದೂರದರ್ಶಕವನ್ನು ತನ್ನದೇ ಶೋಧವೆಂದು ವೆನಿಸ್ ಆಡಳಿತಕ್ಕೆ ಒಪ್ಪಿಸಿ ಸಂಬಳ ಹೆಚ್ಚಿಸಿಕೊಳ್ಳುವವನು. ಅಚೌರ್ಯವನ್ನು ವ್ಯಾಪಾರದ ಅಡಿಗಲ್ಲೆಂದು ತಿಳಿದ ಕುಟುಂಬಗಳಿಗೆ ಈ ದೋಷದ ತೂಕವನ್ನು ವಿವರಿಸಬೇಕಿಲ್ಲ. 1633ರಲ್ಲಿ ಆತ ಭಯದಿಂದ ತನ್ನ ಸಿದ್ಧಾಂತವನ್ನು ತ್ಯಜಿಸುತ್ತಾನೆ. 1938-39ರ ಮೊದಲ ಕರಡಿನಲ್ಲಿ ಇದು ಜಾಣನ ಉಪಾಯದಂತಿತ್ತು. 1945ರಲ್ಲಿ ಹಿರೋಷಿಮಾದ ಮೇಲೆ ಬಾಂಬು ಬಿದ್ದ ಬಳಿಕ ಬ್ರೆಕ್ಟ್ ಅದನ್ನು ಅಪರಾಧವಾಗಿ ತಿದ್ದಿದನು. ಅರಸರ ಅಧೀನಕ್ಕೆ ತನ್ನ ಅರಿವನ್ನು ಒಪ್ಪಿಸಿದೆನೆಂದು ವೃದ್ಧ ಗೆಲಿಲಿಯೋ ಶಿಷ್ಯ ಆಂಡ್ರಿಯಾನೆದುರು ತನ್ನನ್ನು ತಾನೇ ಖಂಡಿಸಿಕೊಳ್ಳುತ್ತಾನೆ. ಶಿಷ್ಯನು ಗುರುವಿನೆದುರು ಮಾಡುವ ಆಲೋಚನೆಯನ್ನು ಬಲ್ಲ ಓದುಗರಿಗೆ, ಗುರುವೇ ಶಿಷ್ಯನೆದುರು ದೋಷವನ್ನು ನುಡಿಯುವ ಈ ವಿಪರ್ಯಯ ಹೃದಯಸ್ಪರ್ಶಿಯಾಗದೆ ಇರದು.

ಬಯಲು ರಂಗದ ನಿಜವಾದ ಪರೀಕ್ಷೆ ಇಲ್ಲಿದೆ. ಹಾಡನ್ನು ಪೇಟೆ ತಾನಾಗಿಯೇ ಎತ್ತಿಕೊಳ್ಳುತ್ತದೆ. ತಪ್ಪೊಪ್ಪಿಗೆಗೆ ಮೌನ ಬೇಕು. ವಾಹನಗಳ ಗದ್ದಲದಲ್ಲಿ ಧ್ವನಿವರ್ಧಕದಿಂದ ಕೂಗಿದ ಪಶ್ಚಾತ್ತಾಪ ಭಾಷಣವಾಗಿಬಿಡುವುದು. ಅಂಗಡಿಗಳು ಮುಚ್ಚಿ ಜನಸಂಚಾರ ತಗ್ಗಿದ ವೇಳೆಯಲ್ಲಿ, ಪ್ರೇಕ್ಷಕರನ್ನು ಹತ್ತಿರ ಕುಳ್ಳಿರಿಸಿ ಆ ದೃಶ್ಯವನ್ನು ಮೆಲುದನಿಯಲ್ಲಿ ಆಡಬಲ್ಲ ತಂಡವೇ ಈ ನಾಟಕವನ್ನು ಬಯಲಿಗೆ ತರಲು ಅರ್ಹವಾದುದು. ಭೂಮಿ ತಿರುಗುತ್ತದೆಂಬುದನ್ನು ಇಂದು ಶಾಲಾಬಾಲಕರೂ ಬಲ್ಲರು. ಅರಿತವನು ಆ ಅರಿವನ್ನು ಯಾರ ಕೈಗೆ ಕೊಡಬೇಕೆಂಬುದು ಮಾತ್ರ ಪೇಟೆಯ ನಡುವೆ ಕೇಳಲೇಬೇಕಾದ ಪ್ರಶ್ನೆಯಾಗಿ ಉಳಿದಿದೆ.