ದೀಪಾವಳಿಯ ಕೊನೆಯ ಅಕ್ಷರ

“ತಾತ, ‘ಳಿ’ಯಿಂದ ಶುರುವಾಗೋ ಒಂದು ಪದ ಹೇಳಿ” ಎಂದಳು ನನ್ನ ಅಕ್ಕನ ಮೊಮ್ಮಗಳು. ಒಂಬತ್ತು ವರ್ಷ. ಶಾಲೆಗೆ ಹೋಗುವುದಿಲ್ಲ, ಬೆಂಗಳೂರಿನ ಮನೆಯಲ್ಲೇ ಕಲಿಕೆ. ಅವಳ ಮುಂದಿದ್ದ ಹಾಳೆಯ ಅಂಚಿನಲ್ಲಿ ಹಣತೆಗಳ ಚಿತ್ರ, ಎಡಗಡೆ ಮೇಲಿಂದ ಕೆಳಕ್ಕೆ ದೀ, ಪಾ, ವ, ಳಿ. ಒಂದೊಂದು ಅಕ್ಷರದಿಂದ ಒಂದೊಂದು ಸಾಲು ಬರೆದರೆ ಹಬ್ಬದ ಪದ್ಯ ಸಿದ್ಧ. ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ಉತ್ತರ ಹೊಳೆಯಲಿಲ್ಲ, ಹೊಳೆಯುವ ಹಾಗೂ ಇರಲಿಲ್ಲ. ಕನ್ನಡದಲ್ಲಿ ಯಾವ ಪದವೂ ಳಕಾರದಿಂದ ಮೊದಲಾಗುವುದಿಲ್ಲ.

ಮನೆಕಲಿಕೆ ಸರಿಯೇ, ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಎಷ್ಟು ಜಾಗ ಬಿಟ್ಟಿದೆ ಎಂಬ ಜಗಳ ಹಳೆಯದು, ಅದು ಹಾಗಿರಲಿ. ನನ್ನ ತಕರಾರು ಇರುವುದು ಈ ಹಾಳೆಯ ಜೊತೆ. ಹಬ್ಬ ಬಂತೆಂದರೆ ಮನೆಕಲಿಕೆಯ ತಾಯಂದಿರು ಇಂಥ ಹಾಳೆಗಳನ್ನು ಪ್ರಿಂಟ್ ತೆಗೆದು ಒಬ್ಬರಿಗೊಬ್ಬರು ಹಂಚುತ್ತಾರೆ; ಸೃಜನಶೀಲ ಬರವಣಿಗೆ ಅಂದರೆ ಇದೇ ಎಂಬ ಹೆಸರೂ ಬಂದುಬಿಟ್ಟಿದೆ. ಅದಕ್ಕೆ ಒಂದು ಗುಣವಂತೂ ಇದೆ: ಹೂರಣ ರುಬ್ಬಿ ಮುಗಿಯುವ ತನಕ ಮಗು ಕೂತಲ್ಲಿ ಕೂತಿರುತ್ತದೆ. ಹೊಗಳಿಕೆ ಇಷ್ಟು ಸಾಕು.

ಈ ಅಕ್ರಾಸ್ಟಿಕ್ ಎಂಬ ಆಟ ಇಂಗ್ಲಿಷಿನಲ್ಲಿ ನಡೆಯುತ್ತದೆ, ಏಕೆಂದರೆ ಅಲ್ಲಿ ಡಿ ಎಂದರೆ ಬರೀ ಡಿ. ಅದರ ಮುಂದೆ ಯಾವ ಸ್ವರ ಬೇಕಾದರೂ ಬರಬಹುದು. ನಮ್ಮ ಅಕ್ಷರಕ್ಕೆ ಸ್ವರ ಅಂಟಿಕೊಂಡೇ ಇರುತ್ತದೆ. ‘ದೀ’ ಎಂದರೆ ದೀರ್ಘವೇ ಬೇಕು; ದೀಪ, ದೀನ, ದೀರ್ಘ ಎನ್ನುವಷ್ಟರಲ್ಲಿ ಮಗುವಿನ ಗಂಟು ಖಾಲಿ. ಎರಡನೆಯ ಸಾಲಿನಲ್ಲಿ ಹುಡುಗಿ ಪಟಾಕಿಯ ವಿಷಯ ಬರೆಯಬೇಕೆಂದಿದ್ದಳು. ಆದರೆ ಪಟಾಕಿ ‘ಪ’, ಹಾಳೆ ಕೇಳಿದ್ದು ‘ಪಾ’. ಹಾಗಾಗಿ ‘ಪಾಯಸ ಮಾಡಿದೆವು’ ಎಂದು ಬರೆದಳು. ಅವರ ಮನೆಯಲ್ಲಿ ಪಾಯಸ ಮಾಡಿರಲಿಲ್ಲ, ಕಜ್ಜಾಯ ಮಾಡಿದ್ದರು. ಮೂರನೆಯದು ‘ವರ್ಷಕ್ಕೊಮ್ಮೆ ಬರುತ್ತದೆ’. ನಾಲ್ಕನೆಯದಕ್ಕೆ ನನ್ನನ್ನು ಕರೆದಳು.

ಇದನ್ನು ಅನುವಾದದ ಎಡವಟ್ಟು ಎಂದು ನಕ್ಕು ಬಿಡಬಹುದಿತ್ತು. ಹೋಳಿಗೂ ಇದೇ ಗತಿ. ಗಣೇಶನ ಹೆಸರಿಗೆ ಹೋದರೆ ನಡುವೆ ‘ಣೇ’ ಕೂತಿದೆ; ಜೈನರ ಣಮೋಕಾರ ಮಂತ್ರ ಬಿಟ್ಟರೆ ಣಕಾರದಿಂದ ಮೊದಲಾಗುವುದು ನನಗೆ ಬೇರೇನೂ ತೋಚುತ್ತಿಲ್ಲ. ಸಂಕ್ರಾಂತಿಗೆ ‘ಕ್ರಾಂ’ ಸಿಗುತ್ತದೆ, ಆದರೆ ಎಳ್ಳು ಬೀರುವ ಹುಡುಗಿಯಿಂದ ಕ್ರಾಂತಿ ಮಾಡಿಸಬೇಕಾಗುತ್ತದೆ. ಆದರೆ ಆಟವೇ ನಮ್ಮ ನುಡಿಯ ಕಿವಿಗೆ ಹೊರತಾದದ್ದು. ಕನ್ನಡ ಪದ್ಯ ಕಿವಿಗೊಟ್ಟದ್ದು ಸಾಲಿನ ಮೊದಲ ಅಕ್ಷರಕ್ಕಲ್ಲ, ಎರಡನೆಯದಕ್ಕೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಪ್ರಾಸದ ಬಗೆಗಳನ್ನು ಬಿಡಿಸಿ ಚರ್ಚಿಸುತ್ತದೆ. ಹಳೆಯ ಕವಿಗಳು ಬಹುಪಾಲು ಈ ಎರಡನೆಯ ಅಕ್ಷರದ ಪ್ರಾಸಕ್ಕೆ, ಅಂದರೆ ಆದಿಪ್ರಾಸಕ್ಕೆ, ಬದ್ಧರು. ಮಗುವಿಗೆ ಆಟವೇ ಬೇಕಿದ್ದರೆ ‘ಹಬ್ಬ’ ಅಂದಾಗ ‘ದಿಬ್ಬ, ಕಬ್ಬು, ಒಬ್ಬಟ್ಟು’ ಎಂದು ಎಸೆಯಲಿ. ಇಲ್ಲಿ ಒಂದು ಪದ ಕಿವಿಯ ಮೂಲಕ ಇನ್ನೊಂದನ್ನು ಕರೆಯುತ್ತದೆ. ಅಲ್ಲಿ ಮಗು ನಿಘಂಟು ತೆರೆದು ಖಾಲಿ ಜಾಗ ತುಂಬುತ್ತದೆ, ಸುಳ್ಳು ಪಾಯಸದಿಂದಲಾದರೂ.

ಇದನ್ನು ಗೆಳೆಯರೊಬ್ಬರ ಮುಂದೆ ಹೇಳಿದೆ. ಶಿಕ್ಷಣದ ಬಗ್ಗೆ ಬರೆಯುವವರು. “ನೋಡಿ, ನಾನು ಮೊದಲೇ ಹೇಳಿರಲಿಲ್ಲವೆ, ಅಮೆರಿಕದ ಸರಕು! ಸಾಂಟಾಗೆ ಪತ್ರ ಬರೆಸೋದು, ಟರ್ಕಿ ಕೋಳಿ ಕಥೆ ಬರೆಸೋದು ನಿಲ್ಲಿಸಿ, ಗಣಪತಿಗೆ ಪತ್ರ ಬರೆಸಲಿ” ಎಂದರು. ಈ ವಾದ ಈಚೆಗೆ ಎಲ್ಲೆಲ್ಲೂ ಕೇಳುತ್ತಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ದೇವರನ್ನು ಬದಲಿಸಿದರೆ ಹಾಳೆ ದೇಶಿ ಆಗುವುದಿಲ್ಲ. ಹಣತೆ ಬರೆದ ಈ ಹಾಳೆಯೇ ಸಾಕ್ಷಿ. ಅವರು ಬೈದ ಎರಡೇ ಆ ಸರಕಿನಲ್ಲಿ ಗಟ್ಟಿ ಕಾಳು. ಸಾಂಟಾಗೆ ಬರೆಯುವ ಮಗುವಿಗೆ ಒಂದು ಬೇಡಿಕೆ ಇದೆ, ಎದುರಿಗೆ ಓದುವವನೊಬ್ಬ ಇದ್ದಾನೆ. ಕೆನಡಾದ ಅಂಚೆಯವರು ಸಾಂಟಾನಿಗೆ ‘ಎಚ್0ಎಚ್ 0ಎಚ್0’ ಎಂಬ ಪಿನ್‌ಕೋಡನ್ನೇ ಕೊಟ್ಟಿದ್ದಾರೆ. ಆ ವಿಳಾಸಕ್ಕೆ ಬಂದ ಪತ್ರಗಳಿಗೆ ಮಕ್ಕಳ ಮನೆಗೆ ಉತ್ತರ ಹೋಗುತ್ತದೆ. 1897ರಲ್ಲಿ ನ್ಯೂಯಾರ್ಕಿನ ಎಂಟು ವರ್ಷದ ಹುಡುಗಿ ವರ್ಜೀನಿಯಾ ಓಹಾನ್ಲನ್, ಸಾಂಟಾ ನಿಜವಾಗಿ ಇದ್ದಾನೆಯೇ ಎಂದು ‘ದಿ ಸನ್’ ಪತ್ರಿಕೆಗೆ ಕಾಗದ ಬರೆದಳು, ಪತ್ರಿಕೆ ಸಂಪಾದಕೀಯದಲ್ಲೇ ಉತ್ತರ ಕೊಟ್ಟಿತು. ಆ ಕಾಗದಕ್ಕೆ ಹಾಳೆಯಲ್ಲಿ ಮೊದಲೇ ಗೆರೆ ಹಾಕಿಕೊಟ್ಟವರು ಯಾರೂ ಇರಲಿಲ್ಲ. ಅವಳಿಗೆ ಗೊತ್ತಾಗಬೇಕಿತ್ತು, ಬರೆದಳು.

ಟರ್ಕಿಯದೂ ಅಷ್ಟೆ. ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಊಟ. ‘ನನ್ನನ್ನು ಬಿಟ್ಟು ಪಿಜ್ಜಾ ತಿನ್ನಿ’ ಎಂದು ಕೋಳಿಯೇ ಮನೆಯವರನ್ನು ಒಪ್ಪಿಸುವಂತೆ ಮಗು ಬರೆಯಬೇಕು. ಪ್ರಾಣದ ಪ್ರಶ್ನೆಯಾದ್ದರಿಂದ ಒಂದೂ ವಾಕ್ಯ ಸಡಿಲ ಬೀಳುವುದಿಲ್ಲ. ಪುಣ್ಯಕೋಟಿಯನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ಪರಕೀಯವಾದದ್ದೇನಿದೆ? ಯುಗಾದಿಯ ರಾತ್ರಿ, ಹೊಸತೊಡಕಿಗೆ ಗುರುತಿಟ್ಟ ನಾಟಿ ಕೋಳಿ ಯಜಮಾನರಿಗೆ ಬರೆದ ಕಾಗದ ಎಂದು ಕೊಟ್ಟು ನೋಡಿ, ಮಂಡ್ಯದ ಮಗು ಪುಟಗಟ್ಟಲೆ ಬರೆಯುತ್ತದೆ. ಗೆಳೆಯರ ಗಣಪತಿಗೆ ಮಾತ್ರ ಎಲ್ಲ ಮಕ್ಕಳೂ ಒಂದೇ ಕಾಗದ ಬರೆಯುತ್ತಾರೆ: ಬುದ್ಧಿ ಕೊಡು, ಒಳ್ಳೆಯ ಮಾರ್ಕು ಕೊಡು. ಅಂಚಿನಲ್ಲಿ ಒಂದು ಇಲಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಶಾಲೆಯಲ್ಲಿ ಬರೆಸುತ್ತಿದ್ದ ಹಬ್ಬದ ಪ್ರಬಂಧಕ್ಕೆ ಬಣ್ಣ ಬಳಿದದ್ದು ಇದು. ಆ ಪ್ರಬಂಧ ಬೇಡವೆಂದೇ ಅಲ್ಲವೆ ಇವರು ಶಾಲೆ ಬಿಡಿಸಿದ್ದು?

ವಿಚಿತ್ರವೆಂದರೆ, ಮನೆಕಲಿಕೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ ಇದ್ದಾಳೆ. 1886ರ ‘ಹೋಮ್ ಎಜುಕೇಶನ್’ ಪುಸ್ತಕದಲ್ಲಿ ಆಕೆ ಚಿಕ್ಕ ಮಕ್ಕಳಿಗೆ ಪ್ರಬಂಧರಚನೆಯ ಪಾಠವೇ ಬೇಡ ಎನ್ನುತ್ತಾಳೆ. ಕೇಳಿದ್ದನ್ನು, ಕಂಡದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ, ಬರವಣಿಗೆ ಅದರಿಂದಲೇ ಹುಟ್ಟುತ್ತದೆ ಎಂದು. ಪುಸ್ತಕ ಕಪಾಟಿನಲ್ಲಿ, ಹಾಳೆ ಪ್ರಿಂಟರಿನಲ್ಲಿ.

ನಾನು ಹುಡುಗಿಗೆ ಹಾಳೆ ಮಗುಚಿಡಲು ಹೇಳಿದೆ. ನೀರು ತುಂಬುವ ಹಬ್ಬದ ದಿನ ನಿಮ್ಮನೇಲಿ ಏನಾಯ್ತು ಅಂತ ಕೇಳಿದೆ. ಫ್ಲ್ಯಾಟಿನಲ್ಲಿ ಹಂಡೆ ಇಲ್ಲ. ಅಮ್ಮ ಸ್ಟೂಲ್ ಹತ್ತಿ ಗೀಸರಿಗೇ ಸುಣ್ಣದ ಪಟ್ಟೆ ಎಳೆದು, ಕುಂಕುಮ ಇಟ್ಟು, ಹಾಗಲ ಬಳ್ಳಿ ಸುತ್ತಿದರಂತೆ. “ಗೀಸರ್ ಮದುಮಗನ ಥರ ಕಾಣ್ತಿತ್ತು ತಾತ. ಆಮೇಲೆ ಬಿಸಿಗೆ ಎಲೆ ಬಾಡಿ ಅಪ್ಪನ ತಲೆ ಮೇಲೆ ಬಿತ್ತು, ಅಪ್ಪ ಎಣ್ಣೆ ಹಚ್ಕೊಂಡು ಕೂತಿದ್ರಲ್ಲ, ಅಲ್ಲೇ ಅಂಟ್ಕೊಂಡ್ತು.” ಇಷ್ಟನ್ನೂ ಅಜ್ಜಿಗೆ ಬರಿ ಎಂದು ಒಂದು ಇನ್‌ಲ್ಯಾಂಡ್ ಲೆಟರ್ ತಂದುಕೊಟ್ಟೆ. ‘ಮದುಮಗ’ ಬರೆಯುವಾಗ ಮಾತ್ರ ‘ದ’ನೋ ‘ಧ’ನೋ ಎಂದು ಒಮ್ಮೆ ಕೇಳಿದಳು.

ಅಜ್ಜಿಯ ಉತ್ತರ ಹನ್ನೊಂದು ದಿನಕ್ಕೆ ಬಂತು. ಗೀಸರಿಗೆ ಬಳ್ಳಿ ಸುತ್ತಿದ್ದಕ್ಕೆ ಮಗಳನ್ನು ಚೆನ್ನಾಗಿ ಬೈದಿದ್ದಾಳೆ.