ವಾಲಿದ ಮನೆ, ತಡವಾಗಿ ಬಂದ ಕಾವಲು

ಕ್ರುಕೆಡ್ ಹೌಸ್ ಪಬ್ಬಿನಲ್ಲಿ ಗೋಲಿಯನ್ನು ಬಿಟ್ಟರೆ ಅದು ಮೇಲ್ಮುಖವಾಗಿ ಉರುಳಿದಂತೆ ಕಾಣುತ್ತಿತ್ತು. ಗೋಡೆ, ಕಿಟಕಿ, ಬಾಗಿಲು ಎಲ್ಲವೂ ವಾಲಿದ್ದರಿಂದ ನೆಟ್ಟಗಿದ್ದ ಗಡಿಯಾರವೇ ಸೊಟ್ಟಗೆ ತೋರುತ್ತಿತ್ತು. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಹಿಮ್ಲಿಯಲ್ಲಿ 1765ರಲ್ಲಿ ತೋಟದ ಮನೆಯಾಗಿ ಎದ್ದ ಈ ಕಟ್ಟಡ, 1830ರ ಸುಮಾರಿಗೆ ಪಬ್ ಆಯಿತು. ನೆಲದಡಿ ಕಲ್ಲಿದ್ದಲು ತೋಡುತ್ತ ಹೋದಂತೆ ಅದರ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 4 ಅಡಿ ಕುಸಿಯಿತು. 1940ರ ದಶಕದಲ್ಲಿ ಕೆಡವಿಬಿಡುವ ಮಾತು ಬಂದಾಗ ಬಿಯರ್ ಕಂಪನಿಯೊಂದು ಕಬ್ಬಿಣದ ತೊಲೆ, ಆಸರೆಗೋಡೆ ಕೊಟ್ಟು ಅದನ್ನು ಉಳಿಸಿತು, ವಾಲಿದ ಹಾಗೆಯೇ. ಗಣಿಸೀಮೆಯ ಚರಿತ್ರೆಯನ್ನು ಯಾವ ಫಲಕವೂ ಇಷ್ಟು ಚೆನ್ನಾಗಿ ಹೇಳಲಾರದು.

2023ರ ಜುಲೈನಲ್ಲಿ ಅದು ಮಾರಾಟವಾಯಿತು. ಆಗಸ್ಟ್ 5ರ ರಾತ್ರಿ ಬೆಂಕಿ ಬಿತ್ತು. 7ರಂದು ಯಂತ್ರ ಬಂದು ಇಡೀ ಕಟ್ಟಡವನ್ನು ನೆಲಸಮ ಮಾಡಿತು. ಸುರಕ್ಷತೆಗಾಗಿ ಮೇಲಂತಸ್ತಿನ ಮೂರು ಭಾಗಗಳನ್ನಷ್ಟೇ ತೆಗೆಯಲು ಒಪ್ಪಿದ್ದೆವು ಎಂದು ಸ್ಥಳೀಯ ಕೌನ್ಸಿಲ್ ಹೇಳಿತು. ಸಂರಕ್ಷಿತ ಕಟ್ಟಡಗಳ ರಾಷ್ಟ್ರೀಯ ಪಟ್ಟಿಗೆ ಇದನ್ನು ಸೇರಿಸಿ ಎಂಬ ಕೋರಿಕೆ ಆಗಲೇ ಸಲ್ಲಿಕೆಯಾಗಿತ್ತು. ಇಂಥ ಕಟ್ಟಡ ಅಷ್ಟು ವರ್ಷ ಆ ಪಟ್ಟಿಯ ಹೊರಗೇ ಉಳಿದದ್ದು ನನಗೆ ಬೆಂಕಿಯಷ್ಟೇ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಪಬ್ ಕೆಡವಲು ಅನುಮತಿ ಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ 2017ರಿಂದಲೇ ಇದೆ. ಆದರೆ ನಿಯಮ ಮುರಿದ ಮೇಲೆ ಎಚ್ಚರಗೊಳ್ಳುವ ವ್ಯವಸ್ಥೆ ಅದು. ಎಚ್ಚರಗೊಂಡಾಗ ಗಟ್ಟಿಯಾಗಿಯೇ ನಡೆದುಕೊಳ್ಳುತ್ತದೆ, ಅದನ್ನು ಒಪ್ಪಬೇಕು. ಲಂಡನ್ನಿನ ಮೈಡಾ ವೇಲ್‌ನಲ್ಲಿದ್ದ 1920ರ ದಶಕದ ಕಾರ್ಲ್‌ಟನ್ ಟ್ಯಾವರ್ನ್ ಅನ್ನು 2015ರಲ್ಲಿ, ಪಟ್ಟಿಗೆ ಸೇರುವ ಹೊತ್ತಿಗೆ ಸರಿಯಾಗಿ, ಅನುಮತಿಯಿಲ್ಲದೆ ಕೆಡವಿದರು. ಇದ್ದಂತೆಯೇ ಕಟ್ಟಿಕೊಡಿ ಎಂದು ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಆದೇಶಿಸಿತು. 2021ರಲ್ಲಿ ಪಬ್ ಮತ್ತೆ ಬಾಗಿಲು ತೆರೆಯಿತು. ಅದರ ವಿವರಗಳನ್ನು ಮೊದಲೇ ದಾಖಲಿಸಿಟ್ಟಿದ್ದರಿಂದ ಆ ಕೆಲಸ ಸಾಧ್ಯವಾಯಿತು.

ಕ್ರುಕೆಡ್ ಹೌಸ್‌ಗೂ 2024ರ ಫೆಬ್ರುವರಿಯಲ್ಲಿ ಅಂಥದೇ ಆದೇಶ ಹೊರಟಿತು: ಮೂರು ವರ್ಷದೊಳಗೆ ಮೊದಲಿನಂತೆ ಕಟ್ಟಬೇಕು. ಮಾಲೀಕರು ಮೇಲ್ಮನವಿ ಸಲ್ಲಿಸಿದರು. ಆದೇಶ ಸರಿಯಾದದ್ದೇ, ಕೆಡವಿದರೆ ಲಾಭ ಎಂಬ ಲೆಕ್ಕಾಚಾರವನ್ನು ಅದು ಮುರಿಯುತ್ತದೆ. ಆದರೆ ಕಾರ್ಲ್‌ಟನ್ ಒಬ್ಬ ವಾಸ್ತುಶಿಲ್ಪಿಯ ನಕ್ಷೆಯಿಂದ ಹುಟ್ಟಿದ್ದು, ನಕ್ಷೆಯಿಂದ ಮತ್ತೆ ಹುಟ್ಟಬಹುದು. ಹಿಮ್ಲಿಯ ಓರೆಯನ್ನು ಯಾರೂ ಬರೆದಿರಲಿಲ್ಲ. ಗಣಿ ಕುಸಿಯುತ್ತ ಕುಸಿಯುತ್ತ ತಂದ ವಾಲಿಕೆಯನ್ನು ಎಂಜಿನಿಯರ್ ಅಳತೆ ಹಿಡಿದು ತಂದರೆ ಕಣ್ಣಿಗೆ ಅದೇ ಕಂಡೀತು, ಅದರ ಹಿಂದಿನ ಕಾಲ ಸಿಗದು.

ಹಾಗಾಗಿ ಕಾವಲು ಕೆಡವುವ ಮೊದಲೇ ಬರಬೇಕು. ವೇಲ್ಸ್‌ನಲ್ಲಿ ಕಟ್ಟಡವನ್ನು ಪಟ್ಟಿಗೆ ಸೇರಿಸುವ ಸಮಾಲೋಚನೆ ಶುರುವಾದೊಡನೆ ತಾತ್ಕಾಲಿಕ ರಕ್ಷಣೆ ತಾನಾಗಿ ಜಾರಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಆರು ತಿಂಗಳ ಸಂರಕ್ಷಣಾ ನೋಟಿಸ್ ಕೊಡುವ ಅಧಿಕಾರ ಕೌನ್ಸಿಲ್‌ಗಳಿಗಿತ್ತು. ಆದರೆ ಕಟ್ಟಡ ಕೊನೆಗೆ ಪಟ್ಟಿಗೆ ಸೇರದಿದ್ದರೆ ಮಾಲೀಕರಿಗೆ ಪರಿಹಾರ ತೆರಬೇಕಾದೀತೆಂಬ ಅಳುಕು ಕೈ ಕಟ್ಟುತ್ತಿತ್ತು. ಆ ಭಾರವನ್ನು ಇಳಿಸಿದ ಕಾನೂನಿಗೆ ಒಪ್ಪಿಗೆ ಸಿಕ್ಕಿದ್ದು 2023ರ ಅಕ್ಟೋಬರ್‌ನಲ್ಲಿ, ಹಿಮ್ಲಿಯಲ್ಲಿ ಯಂತ್ರ ಕೆಲಸ ಮುಗಿಸಿ ಎರಡು ತಿಂಗಳು ಕಳೆದ ಮೇಲೆ. ಇನ್ನು ಮುಂದೆ ಹಳೆಯ ಪಬ್ ಮಾರಾಟಕ್ಕೆ ಬಂದ ದಿನವೇ ಕೌನ್ಸಿಲ್ ಆ ನೋಟಿಸನ್ನು ಬಾಗಿಲಿಗೆ ಅಂಟಿಸಬೇಕು. ಹಿಂಜರಿಯಲು ಹಣದ ನೆಪ ಈಗ ಇಲ್ಲ.